ಕೂಲಿ ಏರಿತು, ಕಾರ್ಡ್ ಹೋಯಿತು: ಕೈಯಲ್ಲಿ ಉಳಿದದ್ದೆಷ್ಟು?

ಗೌರಿಬಿದನೂರಿನಲ್ಲಿ ಸಂಜೆ ಆದರೆ ಗಾರ್ಮೆಂಟ್ಸ್ ಬಸ್ಸುಗಳು ಒಂದರ ಹಿಂದೆ ಒಂದು ಬಂದು ನಿಲ್ಲುತ್ತವೆ. ಇಳಿದ ಹೆಂಗಸರು ಅಲ್ಲೇ ಸೊಪ್ಪು, ಹಾಲು ತೆಗೆದುಕೊಂಡು ಹಳ್ಳಿ ಕಡೆ ಹೋಗುವ ಆಟೋ ಹಿಡಿಯಬೇಕು. ಯಾರಿಗೂ ನಿಂತು ಮಾತಾಡುವಷ್ಟು ಪುರುಸೊತ್ತಿಲ್ಲ. ಹಾಗಿದ್ದರೂ ಒಂದು ಸಂಜೆ ನಮ್ಮ ಬೀದಿಯ ಅಕ್ಕ ಒಬ್ಬರು ಮನೆಗೂ ಹೋಗದೆ ನೇರ ನಮ್ಮ ಜಗಲಿಗೆ ಬಂದು ಕೂತರು. ಊಟದ ಬ್ಯಾಗ್‌ನಿಂದ ಎರಡು ಕಾಗದ ತೆಗೆದರು. ಒಂದು ಪೇ ಸ್ಲಿಪ್. ಇನ್ನೊಂದು, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟ ರೇಷನ್ ಕಾರ್ಡ್.

"ಅಣ್ಣಾ, ಸಂಬಳ ಜಾಸ್ತಿ ಮಾಡಿದರೆ ಕಾರ್ಡ್ ತೆಗೆದುಬಿಡ್ತಾರಂತೆ. ಹೌದಾ? ಹಂಗಾದ್ರೆ ನಮಗೆ ಲಾಭಾನಾ, ನಷ್ಟಾನಾ?"

ಕನಿಷ್ಠ ಕೂಲಿ ಏರಿಸುವುದು ಒಳ್ಳೆಯದು ಎಂದು ನಾನು ಯಾವಾಗಲೂ ಹೇಳುತ್ತಾ ಬಂದವನು. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಅವತ್ತು ತಕ್ಷಣ "ಲಾಭಾನೇ ಅಕ್ಕಾ" ಅನ್ನಲು ಬಾಯಿ ಬರಲಿಲ್ಲ. ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಹಿಂಬದಿಯಲ್ಲಿ ಲೆಕ್ಕ ಹಾಕಲು ಕೂತೆವು.

ಅವರ ಸಂಬಳ ತಿಂಗಳಿಗೆ 12,500 ಎಂದಿಟ್ಟುಕೊಳ್ಳಿ. ಸರ್ಕಾರ ಕನಿಷ್ಠ ಕೂಲಿ ಏರಿಸಿ ಅದು 14,500 ಆಯಿತು. 2,000 ರೂಪಾಯಿ ಜಾಸ್ತಿ. ಆದರೆ ಅಷ್ಟೂ ಕೈಗೆ ಬರುವುದಿಲ್ಲ. ಪಿಎಫ್‌ಗೆ ನೂರಕ್ಕೆ 12ರಂತೆ 240 ರೂಪಾಯಿ ಹೋಗುತ್ತದೆ. ಇಎಸ್‌ಐಗೆ ಅಂದರೆ ಕೆಲಸಗಾರರ ಆಸ್ಪತ್ರೆ ವಿಮೆಗೆ, ನೂರಕ್ಕೆ ಮುಕ್ಕಾಲು ರೂಪಾಯಿಯಂತೆ 15 ರೂಪಾಯಿ. ಪಿಎಫ್ ದುಡ್ಡು ಅವರದ್ದೇ, ಮುಂದೆ ಸಿಗುತ್ತದೆ. ಆದರೆ ಈ ತಿಂಗಳ ಅಂಗಡಿ ಸಾಲ ತೀರಿಸಲು ಅದು ಬರುವುದಿಲ್ಲ. ಕೈಗೆ ಬಂದದ್ದು 1,745.

ಈಗ ಕಾರ್ಡಿನ ಕಡೆ ಬನ್ನಿ. ಮನೆಯಲ್ಲಿ ಐದು ಜನ: ಅಕ್ಕ, ಅವರ ಯಜಮಾನರು, ಇಬ್ಬರು ಮಕ್ಕಳು, ಅತ್ತೆ. 2025ರಲ್ಲಿ ಬಿಪಿಎಲ್ ಕಾರ್ಡಿಗೆ ತಲೆಗೆ 10 ಕೆಜಿ ಲೆಕ್ಕದಲ್ಲಿ 50 ಕೆಜಿ ಧಾನ್ಯ ಸಿಗುತ್ತಿತ್ತು. ಅದಕ್ಕೆ ಬೆಲೆ ಕಟ್ಟುವುದು ಹೇಗೆ? ಸರ್ಕಾರವೇ ಒಂದು ಬೆಲೆ ಕಟ್ಟಿತ್ತು. 2023ರ ಜುಲೈನಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿ ಸಿಗದೆ ಅದರ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕುತ್ತಿದ್ದರಲ್ಲ, ಅದೇ ಬೆಲೆ ಇಟ್ಟುಕೊಳ್ಳೋಣ. 50 ಕೆಜಿಗೆ 1,700 ರೂಪಾಯಿ.

1,745ರಲ್ಲಿ 1,700 ಕಳೆದರೆ 45 ರೂಪಾಯಿ.

ಅಕ್ಕ ಆ 45ರ ಮೇಲೆ ಬೆರಳಿಟ್ಟು ಸುಮ್ಮನೆ ಕೂತರು. ತಿಂಗಳಿಡೀ ಮಿಷನ್ ತುಳಿದದ್ದಕ್ಕೆ ಬಂದ ಏರಿಕೆ ಅದು. ಅಂಗಡಿಯಲ್ಲಿ ಅಕ್ಕಿ 34 ರೂಪಾಯಿಗೆ ಸಿಗುತ್ತದಾ? ಇಲ್ಲ. ಸಾಧಾರಣ ಸೋನಾ ಮಸೂರಿ ಬೆಲೆ ಹಾಕಿದರೆ ಆ 45 ಕೂಡ ಉಳಿಯದೆ ಕೈಯಿಂದಲೇ ಹಾಕಬೇಕಾಗುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಸಂಬಳ ಏರಿದ ಮಾರನೇ ದಿನವೇ ಯಾರೂ ಬಂದು ಕಾರ್ಡ್ ಕಿತ್ತುಕೊಳ್ಳುವುದಿಲ್ಲ. ಆದರೆ ಅಕ್ಕನ ಭಯಕ್ಕೆ ಕಾರಣವಿದೆ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ ಮಿತಿ 1.20 ಲಕ್ಷ ರೂಪಾಯಿ. ಅಂದರೆ ತಿಂಗಳಿಗೆ 10,000. ಅದೂ ಒಬ್ಬರದ್ದಲ್ಲ, ಇಡೀ ಮನೆಯದ್ದು. 12,500 ಸಂಬಳ ಬರುವ ಮನೆ ಲೆಕ್ಕದ ಪ್ರಕಾರ ಯಾವತ್ತೋ ಬೇಲಿ ದಾಟಿ ಆಗಿದೆ. ಅಕ್ಕ ಗಾರ್ಮೆಂಟ್ಸ್‌ಗೆ ಹೋಗುವ ಮೊದಲೇ ಮಾಡಿಸಿದ ಕಾರ್ಡ್ ಅದು. ಯಾರೂ ತಿರುಗಿ ನೋಡಿಲ್ಲ, ಹಾಗಾಗಿ ಉಳಿದಿದೆ. 2024ರ ನವೆಂಬರ್‌ನಲ್ಲಿ ಒಮ್ಮೆ ನೋಡಲು ಶುರು ಮಾಡಿದರು. ರಾಜ್ಯದಲ್ಲಿ ಎಷ್ಟೋ ಬಿಪಿಎಲ್ ಕಾರ್ಡುಗಳು ರಾತ್ರೋರಾತ್ರಿ ಎಪಿಎಲ್ ಆದವು. ಸೊಸೈಟಿ ಮುಂದೆ ಚೀಲ ಹಿಡಿದು ನಿಂತ ಮೇಲೇ ಎಷ್ಟೋ ಜನಕ್ಕೆ ಗೊತ್ತಾಗಿದ್ದು. ಗಲಾಟೆ ಆಯಿತು. ಕೊನೆಗೆ ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡಿ ಎಂದು ಮುಖ್ಯಮಂತ್ರಿ ಹೇಳಬೇಕಾಯಿತು.

ಕನಿಷ್ಠ ಕೂಲಿ ಅಂದರೆ ಏನು? ಇದಕ್ಕಿಂತ ಕಡಿಮೆ ಕೊಟ್ಟರೆ ಮನುಷ್ಯ ಬದುಕಲಾರ ಎಂದು ಸರ್ಕಾರವೇ ಒಪ್ಪಿದ ಮೊತ್ತ. ಬಿಪಿಎಲ್ ಮಿತಿ ಅಂದರೆ? ಇದಕ್ಕಿಂತ ಜಾಸ್ತಿ ಇದ್ದರೆ ಬಡವನಲ್ಲ ಎಂದು ಅದೇ ಸರ್ಕಾರ ಒಪ್ಪಿದ ಮೊತ್ತ. ಎರಡನೆಯದು ಮೊದಲನೆಯದಕ್ಕಿಂತ ಕೆಳಗಿದೆ! ಕನಿಷ್ಠ ಕೂಲಿಗೆ ಪ್ರತಿ ಏಪ್ರಿಲ್‌ನಲ್ಲಿ ಬೆಲೆ ಸೂಚ್ಯಂಕ ನೋಡಿ ತುಟ್ಟಿಭತ್ಯೆ ಸೇರುತ್ತದೆ. 1.20 ಲಕ್ಷದ ಬೇಲಿ ಮಾತ್ರ ಎಷ್ಟೋ ವರ್ಷದಿಂದ ನೆಟ್ಟಲ್ಲೇ ಇದೆ. ಕೂಲಿ ನಡೆಯುತ್ತಾ ಹೋಗುತ್ತದೆ, ಬೇಲಿ ನಿಂತೇ ಇರುತ್ತದೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಕೂಲಿ ಎಲ್ಲಕ್ಕಿಂತ ಕಡಿಮೆ ಇರುವ ಕೊನೆಯ ವಲಯದ ಕೌಶಲ ಇಲ್ಲದ ಕೆಲಸಗಾರರಿಗೂ ತಿಂಗಳಿಗೆ ಸುಮಾರು 19,319 ರೂಪಾಯಿ ಎಂದಿತ್ತು. ವರ್ಷಕ್ಕೆ 2.31 ಲಕ್ಷ ದಾಟುತ್ತದೆ. ಅದು ನಿಜಕ್ಕೂ ಜಾರಿಯಾಗಿ, ಬೇಲಿ ಇದ್ದಲ್ಲೇ ಇದ್ದರೆ, ಕಾಗದದ ಮೇಲೆ ರಾಜ್ಯದ ಒಬ್ಬ ಕಾರ್ಖಾನೆ ಕೆಲಸಗಾರನೂ ಬಡವನಲ್ಲ.

ಹಾಗಾದರೆ ಸಂಬಳ ಏರಿಸಿದ ಮೇಲೆ ಸವಲತ್ತು ಯಾಕೆ ಕೊಡಬೇಕು ಎಂದು ಕೇಳುವವರಿದ್ದಾರೆ. ಅವರ ವಾದವನ್ನು ಸುಮ್ನೆ ತಳ್ಳಿಹಾಕಬಾರದು. ಅವರು ಹೇಳುವುದು ಇಷ್ಟು: ಸರ್ಕಾರ ಅಕ್ಕಿ ಕೊಡುವುದರಿಂದಲೇ ಮಾಲೀಕ ಕಡಿಮೆ ಸಂಬಳ ಕೊಟ್ಟು ಬಚಾವಾಗುತ್ತಿದ್ದಾನೆ. ಅವನು ಕೊಡಬೇಕಾದ್ದನ್ನು ನಮ್ಮ ತೆರಿಗೆಯಿಂದ ಕೊಡುತ್ತಿದ್ದೇವೆ. ಮಾಲೀಕನೇ ಸರಿಯಾಗಿ ಕೊಡಲಿ, ಸರ್ಕಾರ ಹಿಂದೆ ಸರಿಯಲಿ.

ಇದೇ ಮಾತನ್ನು 2015ರ ಜುಲೈನಲ್ಲಿ ಬ್ರಿಟನ್‌ನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಅಲ್ಲಿನ ಸಂಸತ್ತಿನಲ್ಲಿ ಹೇಳಿದರು. 25 ವರ್ಷ ತುಂಬಿದವರಿಗೆ ಮುಂದಿನ ಏಪ್ರಿಲ್‌ನಿಂದ ಗಂಟೆಗೆ 7.20 ಪೌಂಡ್ ಕೂಲಿ ಎಂದು ಘೋಷಿಸಿದರು. ಅದೇ ಬಜೆಟ್‌ನಲ್ಲಿ, ಕಡಿಮೆ ಸಂಬಳದ ಮನೆಗಳಿಗೆ ಸರ್ಕಾರ ಕೊಡುತ್ತಿದ್ದ ಟ್ಯಾಕ್ಸ್ ಕ್ರೆಡಿಟ್ ಎಂಬ ನೆರವಿಗೆ ಕತ್ತರಿ ಹಾಕಿದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆಯುವುದು ಅಂದರೆ ಏನು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಪಾಠ ಇಲ್ಲ.

ಅಲ್ಲಿನ ವ್ಯವಸ್ಥೆಯಲ್ಲಿ ನಮ್ಮ ಕಾರ್ಡಿನ ಹಾಗೆ ಒಂದೇ ಏಟಿಗೆ ಸವಲತ್ತು ಹೋಗುವುದಿಲ್ಲ. ಸಂಬಳ ಏರಿದ ಹಾಗೆ ನೆರವು ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಒಂದು ಮಿತಿ ದಾಟಿದ ಮೇಲೆ ಜಾಸ್ತಿ ದುಡಿದ ಪ್ರತಿ ಪೌಂಡಿಗೆ 41 ಪೆನ್ನಿ ನೆರವು ಕಡಿತವಾಗುತ್ತಿತ್ತು. ಅದನ್ನು 48 ಪೆನ್ನಿಗೆ ಏರಿಸುತ್ತೇವೆ ಎಂದರು ಆಸ್ಬೋರ್ನ್. ಆದಾಯ ತೆರಿಗೆಯನ್ನೂ ಕಟ್ಟುವ ಕೆಲಸಗಾರನಿಗೆ ಇದರ ಮೇಲೆ 20 ಪೆನ್ನಿ ತೆರಿಗೆ, 12 ಪೆನ್ನಿ ವಿಮಾ ಕಂತು. ಎಲ್ಲ ಕೂಡಿದರೆ ಪೌಂಡಿಗೆ 80 ಪೆನ್ನಿ. ಆಗ ಅಲ್ಲಿನ ಕನಿಷ್ಠ ಕೂಲಿ 2015ರ ಅಕ್ಟೋಬರ್‌ನಿಂದ 6.70 ಇತ್ತು. 7.20 ಆದಾಗ ಏರಿದ್ದು 50 ಪೆನ್ನಿ. ಮಾಲೀಕ ಕೊಟ್ಟ ಆ 50ರಲ್ಲಿ 40 ಪೆನ್ನಿ ಸರ್ಕಾರದ ಬೊಕ್ಕಸಕ್ಕೆ, ಕೆಲಸಗಾರನ ಜೇಬಿಗೆ 10 ಪೆನ್ನಿ. ಸಂಬಳ ಏರಿಸಿದ ಹೆಸರು ಸರ್ಕಾರಕ್ಕೆ, ದುಡ್ಡು ಮಾಲೀಕನದ್ದು, ಉಳಿತಾಯ ಮತ್ತೆ ಸರ್ಕಾರಕ್ಕೆ.

ಅಲ್ಲಿನ ಹಣಕಾಸು ಅಧ್ಯಯನ ಸಂಸ್ಥೆ ಐಎಫ್‌ಎಸ್ ಲೆಕ್ಕ ಹಾಕಿ, ಕೂಲಿ ಏರಿಕೆ ಈ ಕಡಿತವನ್ನು ತುಂಬಿಕೊಡಲು ಸಾಧ್ಯವೇ ಇಲ್ಲ ಎಂದು ಹೇಳಿತು. ಅಕ್ಟೋಬರ್ 26ರಂದು ಮೇಲ್ಮನೆ ಈ ಕಡಿತವನ್ನು ತಡೆಯಿತು. ನವೆಂಬರ್‌ನಲ್ಲಿ ಆಸ್ಬೋರ್ನ್ ಅದನ್ನು ಕೈಬಿಟ್ಟರು. ಆದರೆ ಟ್ಯಾಕ್ಸ್ ಕ್ರೆಡಿಟ್ ಬದಲು ಬರುತ್ತಿದ್ದ ಹೊಸ ನೆರವಿನ ಯೋಜನೆಯಲ್ಲಿ ಕಡಿತ ಉಳಿದುಕೊಂಡಿತು. ಮುಂದಿನ ಬಾಗಿಲಲ್ಲಿ ತಡೆದದ್ದು ಹಿತ್ತಲಿನಿಂದ ಬಂತು.

ಬ್ರಿಟನ್ ಲೆಕ್ಕದಲ್ಲಿ ಐಎಫ್‌ಎಸ್ ಕಂಡಿದ್ದನ್ನೇ ನಾನು ಅಕ್ಕನ ಮನೆಯಲ್ಲೂ ಕಂಡೆ. ಸಂಬಳ ಸಿಗುವುದು ಕೆಲಸ ಮಾಡುವವರಿಗೆ. ಸವಲತ್ತು ಸಿಗುವುದು ಮನೆಗೆ. ಇವೆರಡನ್ನು ಒಂದಕ್ಕೊಂದು ಬದಲಿ ಮಾಡಲು ಹೋದರೆ ಲೆಕ್ಕ ತಪ್ಪುತ್ತದೆ. ಅದೇ ಮಿಷನ್ ಸಾಲಿನಲ್ಲಿ ಅಕ್ಕನ ಪಕ್ಕ ಕೂರುವ ಹುಡುಗಿಗೆ ಮದುವೆಯಾಗಿಲ್ಲ. ಅವಳಿಗೂ ಅಷ್ಟೇ ಸಂಬಳ, ಅಕ್ಕನಿಗೂ ಅಷ್ಟೇ. ಸಂಬಳಕ್ಕೆ ಮನೆಯ ಬಾಯಿಗಳ ಲೆಕ್ಕ ಗೊತ್ತಿಲ್ಲ. ರೇಷನ್‌ಗೆ ಗೊತ್ತು. ಮಗು ಹುಟ್ಟಿದರೆ ಕಾರ್ಡಿಗೆ ಹೆಸರು ಸೇರುತ್ತದೆ, ಸಂಬಳಕ್ಕೆ ಸೇರುವುದಿಲ್ಲ.

ಕನಿಷ್ಠ ಕೂಲಿ ಕಟ್ಟುವಾಗ ಕುಟುಂಬವನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲವಾ? ಹಿಡಿಯುತ್ತಾರೆ. 1957ರಲ್ಲಿ ನಡೆದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸೂತ್ರ ಮಾಡಿತು. ದುಡಿಯುವವನಿಗೆ 1, ಹೆಂಡತಿಗೆ 0.8, ಇಬ್ಬರು ಮಕ್ಕಳಿಗೆ ತಲಾ 0.6. ಕೂಡಿದರೆ 3. ಆ ಮೂವರಿಗೆ ತಲಾ ದಿನಕ್ಕೆ 2,700 ಕ್ಯಾಲೊರಿ ಊಟ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ದೀಪದ ಖರ್ಚು. 1991ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಮಕ್ಕಳ ಓದು, ಔಷಧಿ, ಮದುವೆ, ಮುಪ್ಪಿಗೆಂದು ಇದರ ಮೇಲೆ ನೂರಕ್ಕೆ 25 ಸೇರಿಸಬೇಕು ಎಂದಿತು. ಒಳ್ಳೆಯ ಸೂತ್ರವೇ. ಆದರೆ ಆ 3ರಲ್ಲಿ ಅತ್ತೆಗೆ ಜಾಗ ಎಲ್ಲಿದೆ? ಅಕ್ಕನ ಅತ್ತೆಗೆ ಕಣ್ಣು ಮಂಜು, ಕೂಲಿಗೆ ಹೋಗುವ ಕಾಲ ಮುಗಿದಿದೆ. ಸಂಬಳದ ಸೂತ್ರದಲ್ಲಿ ಅವರಿಲ್ಲ. ಕಾರ್ಡಿನಲ್ಲಿ ಮಾತ್ರ ಇದ್ದಾರೆ. ಸೊಸೈಟಿಯಲ್ಲಿ ಹೆಬ್ಬೆಟ್ಟು ಒತ್ತಿದಾಗ ಸವೆದ ಗೆರೆ ಮಿಷನ್‌ಗೆ ಸಿಗದೆ ಮೂರು ನಾಲ್ಕು ಸಲ ಒರೆಸಿ ಒರೆಸಿ ಒತ್ತುತ್ತಾರೆ. ಆ 10 ಕೆಜಿ ಅವರ ಪಾಲಿಗೆ ಬರೀ ಧಾನ್ಯವಲ್ಲ. ಈ ಮನೆಯಲ್ಲಿ ನನ್ನದೂ ಒಂದು ಪಾಲು ಬರುತ್ತದೆ ಅನ್ನುವ ಮರ್ಯಾದೆ.

ಇನ್ನು ಅಕ್ಕನ ಯಜಮಾನರು. ಅವರು ತರಕಾರಿ ಮಂಡಿಯಲ್ಲಿ ಮೂಟೆ ಹೊರುತ್ತಾರೆ. ಸೀಸನ್ ಇಲ್ಲದಾಗ ತೋಟದ ಕೂಲಿ. ಅವರಿಗೆ ಪೇ ಸ್ಲಿಪ್ ಇಲ್ಲ, ಪಿಎಫ್ ಇಲ್ಲ. ಕೃಷಿ ಕೂಲಿಗೂ ಕನಿಷ್ಠ ಕೂಲಿ ಗೊತ್ತುಪಡಿಸಿದ್ದಾರೆ. ಆದರೆ ಟೊಮೆಟೊ ಕೀಳುವ ಹೊಲಕ್ಕೆ ಬಂದು ಎಷ್ಟು ಕೊಟ್ಟಿರಿ ಎಂದು ಕೇಳಿದ ಅಧಿಕಾರಿಯನ್ನು ನಾನು ಈ ವಯಸ್ಸಿನವರೆಗೆ ನೋಡಿಲ್ಲ. ಕೂಲಿ ಏರಿಕೆ ತಲುಪುವುದು ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೆ. ಸವಲತ್ತು ಕಡಿತ ತಲುಪುವುದು ಎಲ್ಲರಿಗೂ. ಶಿಡ್ಲಘಟ್ಟದಲ್ಲಿ ಬಿಸಿ ನೀರಿಗೆ ಕೈಯಿಟ್ಟು ರೇಷ್ಮೆ ನೂಲು ಬಿಚ್ಚುವವರು, ಚಿಂತಾಮಣಿಯ ಹೋಟೆಲಿನಲ್ಲಿ ಲೋಟ ತೊಳೆಯುವವರು, ಮನೆ ಮನೆಗೆ ಹೂ ಮಾರುವವರು, ಇವರಿಗೆಲ್ಲ ಬಂದದ್ದು ಏನೂ ಇಲ್ಲ, ಹೋಗುವುದು ಮಾತ್ರ ಇದೆ.

ಇಲ್ಲಿ ಇನ್ನೊಂದು ಅನ್ಯಾಯ ನನಗೆ ಕಾಣುತ್ತದೆ. ಆದಾಯ ನೋಡಿ ಕಾರ್ಡ್ ತೆಗೆಯುತ್ತೇವೆ ಎಂದರೆ ಯಾರ ಆದಾಯ ಕಣ್ಣಿಗೆ ಬೀಳುತ್ತದೆ? ಪಿಎಫ್ ನಂಬರ್ ಇರುವ ಅಕ್ಕನದ್ದು. ಒಂದೊಂದು ರೂಪಾಯಿಯೂ ಕಂಪ್ಯೂಟರಿನಲ್ಲಿದೆ. ಬಡ್ಡಿಗೆ ದುಡ್ಡು ಬಿಡುವವರ ಆದಾಯ ಯಾವ ಕಂಪ್ಯೂಟರಿನಲ್ಲಿದೆ? "ನಮಗೆ ಪಿಎಫ್ ಬೇಡ ಸಾರ್, ಕೈಗೇ ಕೊಟ್ಟುಬಿಡಿ" ಎಂದು ಕೇಳುವ ಹೆಂಗಸರನ್ನು ನಾನು ನೋಡಿದ್ದೇನೆ. ಅವರದ್ದು ಸೋಮಾರಿತನ ಅಲ್ಲ, ಕಳ್ಳತನವೂ ಅಲ್ಲ. ಕಾರ್ಡ್ ಉಳಿಸಿಕೊಳ್ಳುವ ದಾರಿ ಅದೊಂದೇ ಎಂದು ಅವರಿಗೆ ಅನ್ನಿಸಿದೆ. ಹಾಗೆ ಬೇಲಿಯ ಮಟ್ಟ ತಗ್ಗಿದ್ದಷ್ಟೂ ಜನ ಕಾಗದವಿಲ್ಲದ ಕೆಲಸಕ್ಕೆ ವಾಪಸ್ ಹೋಗುತ್ತಾರೆ. ಕನಿಷ್ಠ ಕೂಲಿಯ ಕಾನೂನು ಯಾರಿಗಾಗಿ ಇದೆಯೋ ಅವರೇ ಅದರಿಂದ ದೂರ ಓಡುವ ಹಾಗೆ ಆಗುತ್ತದೆ.

ಕೂಲಿ ಏರಿದರೆ ಕೆಲಸವೇ ಹೋಗುತ್ತದೆ ಎಂಬ ಭಯವೂ ಇದೆ. ಗೌರಿಬಿದನೂರಿನಲ್ಲಿ ಇದು ಪುಸ್ತಕದ ಮಾತಲ್ಲ. ಗಡಿ ದಾಟಿದರೆ ಆಂಧ್ರದ ಹಿಂದೂಪುರ. ಕನಿಷ್ಠ ಕೂಲಿ ಗೊತ್ತುಮಾಡುವುದು ಆಯಾ ರಾಜ್ಯ. ಇಲ್ಲಿ ಏರಿಸಿದರೆ ಮಾಲೀಕ ಮಿಷನ್‌ಗಳನ್ನು ಲಾರಿಗೆ ಹಾಕಿಕೊಂಡು ಆ ಕಡೆ ಹೋಗುತ್ತಾನೆ ಎನ್ನುತ್ತಾರೆ. ಅಮೆರಿಕದಲ್ಲಿ ಇಂಥದೇ ಗಡಿಯನ್ನು ಇಟ್ಟುಕೊಂಡು ಇಬ್ಬರು ಅರ್ಥಶಾಸ್ತ್ರಜ್ಞರು ಪರೀಕ್ಷೆ ಮಾಡಿದ್ದರು. 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ರಾಜ್ಯ ಗಂಟೆ ಕೂಲಿಯನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ ಬರ್ಗರ್ ಅಂಗಡಿಗಳನ್ನು ಹೋಲಿಸಿ ನೋಡಿದರು. ಕೂಲಿ ಏರಿದ ಕಡೆ ಕೆಲಸಗಳು ಕಡಿಮೆಯಾಗಿರಲಿಲ್ಲ. ಡೇವಿಡ್ ಕಾರ್ಡ್ ಅವರಿಗೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆದರೆ ಬರ್ಗರ್ ಅಂಗಡಿ ಗಿರಾಕಿ ಇರುವ ಕಡೆಯೇ ಇರಬೇಕು, ಅಂಗಿ ಹೊಲಿಯುವ ಫ್ಯಾಕ್ಟರಿ ಎಲ್ಲಿಗೆ ಬೇಕಾದರೂ ಹೋಗಬಹುದು. ಹಾಗಾಗಿ ಆ ಪಾಠವನ್ನು ನಮ್ಮೂರಿಗೆ ಇದ್ದಹಾಗೇ ತರಲು ನನಗೆ ಧೈರ್ಯ ಸಾಲದು. ಫ್ಯಾಕ್ಟರಿ ಹೋಗದಿದ್ದರೂ ಟಾರ್ಗೆಟ್ ಏರುತ್ತದೆ. ಗಂಟೆಗೆ ಇಷ್ಟು ಪೀಸ್ ಎಂದಿದ್ದದ್ದು ಇನ್ನಷ್ಟು ಆಗುತ್ತದೆ, ಸಾಲಿಗೆ ಇಬ್ಬರು ಹೆಲ್ಪರ್ ಇದ್ದ ಕಡೆ ಒಬ್ಬರು ಉಳಿಯುತ್ತಾರೆ. ಇಂಥ ಹೊತ್ತಿನಲ್ಲಿ ಕೆಲಸ ಕಳೆದುಕೊಂಡವರಿಗೆ ಆಸರೆ ಯಾವುದು? ಅದೇ ಕಾರ್ಡ್. ಕೂಲಿ ಏರಿಸುವಾಗಲೇ ಅದನ್ನು ಕಡಿಯುವುದೆಂದರೆ ಹಗ್ಗದ ಮೇಲೆ ನಡೆಯುವವನ ಕೆಳಗಿನ ಬಲೆ ಬಿಚ್ಚಿದ ಹಾಗೆ.

ಸವಲತ್ತಿನಿಂದ ಕೂಲಿ ಕಡಿಮೆಯಾಗುತ್ತದೆ ಎಂಬ ವಾದಕ್ಕೆ ನಮ್ಮ ಹಳ್ಳಿಗಳ ಅನುಭವ ಬೇರೆಯೇ ಉತ್ತರ ಕೊಡುತ್ತದೆ. ಡಬ್ಬದಲ್ಲಿ ಅಕ್ಕಿ ರಾಗಿ ಇದ್ದರೆ ಮೇಸ್ತ್ರಿ ಬಂದು ಕಡಿಮೆ ಕೂಲಿ ಹೇಳಿದಾಗ "ನಾಳೆ ಬರಲ್ಲ ಹೋಗಣ್ಣ" ಅನ್ನಬಹುದು. ಡಬ್ಬ ಖಾಲಿ ಇದ್ದರೆ ಅನ್ನಲಾಗುವುದಿಲ್ಲ. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ ಗೊತ್ತು ಮಾಡಿದಾಗ ತೋಟದ ಮಾಲೀಕರು ಗೊಣಗಿದ್ದು ಯಾಕೆ? ಆ 370 ಒಂದು ಮಟ್ಟ ಆಗಿಬಿಡುತ್ತದೆ, ಅದಕ್ಕಿಂತ ಕೆಳಗೆ ಕರೆದರೆ ಜನ ಬರುವುದಿಲ್ಲ. ಪೇ ಸ್ಲಿಪ್ ಇಲ್ಲದವರಿಗೆ ಕನಿಷ್ಠ ಕೂಲಿಯನ್ನು ಕೊಡಿಸುವುದು ಕಾರ್ಮಿಕ ಇಲಾಖೆಗಿಂತ ಹೆಚ್ಚಾಗಿ ಮನೆಯಲ್ಲಿರುವ ಅಕ್ಕಿ ಮೂಟೆ. ಹಾಗಾಗಿ ಸವಲತ್ತು ಕಡಿದರೆ ಕೂಲಿಯ ಬುಡವೂ ಸಡಿಲವಾಗುತ್ತದೆ.

ಇನ್ನೊಂದು ವಿಷಯ, ಸಮಯದ್ದು. ಕೂಲಿ ಏರಿಕೆ ತೆವಳಿಕೊಂಡು ಬರುತ್ತದೆ. ಕರಡು, ಆಕ್ಷೇಪಣೆ, ಸಭೆ, ಕೋರ್ಟು. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆ ಗಾರ್ಮೆಂಟ್ಸ್ ಕೆಲಸಗಾರರಿಗೆ ತಿಂಗಳಿಗೆ 417 ರೂಪಾಯಿ 60 ಪೈಸೆ. ಕೊರೊನಾ ಎಂದು ಅದನ್ನೂ ಮುಂದೂಡಿ ಸರ್ಕಾರ ಆದೇಶ ಮಾಡಿತು. ಆ ಆದೇಶಕ್ಕೆ ಹೈಕೋರ್ಟ್ ತಡೆ ಕೊಡಬೇಕಾಯಿತು. 417 ರೂಪಾಯಿಗೆ ಇಷ್ಟು ಓಡಾಟ! ಕಾರ್ಡ್ ರದ್ದಾಗಲು ಒಂದು ಗುಂಡಿ ಒತ್ತಿದರೆ ಸಾಕು.

ಅಕ್ಕ ಕೇಳಿದ ಇನ್ನೊಂದು ಪ್ರಶ್ನೆ ಆಸ್ಪತ್ರೆಯದ್ದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ನೂರಕ್ಕೆ 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಅಕ್ಕನಿಗೆ ಇಎಸ್‌ಐ ಇದೆ, ಸದ್ಯಕ್ಕೆ ಪರವಾಗಿಲ್ಲ. ಆದರೆ ಇಎಸ್‌ಐಗೂ ಒಂದು ಬೇಲಿ ಇದೆ, ತಿಂಗಳ ಸಂಬಳ 21,000. 2017ರ ಜನವರಿಯಲ್ಲಿ 15,000ದಿಂದ ಅಲ್ಲಿಗೆ ಏರಿಸಿದ್ದು. 2025ರ ಕರಡಿನಲ್ಲಿ ಮಧ್ಯದ ವಲಯದ ಕೌಶಲ ಇಲ್ಲದವರ ಕೂಲಿಯೇ ಸುಮಾರು 21,251. ಅಂದರೆ 251 ರೂಪಾಯಿಗೆ ಇಎಸ್‌ಐ ಆಸ್ಪತ್ರೆಯ ಬಾಗಿಲು ಮುಚ್ಚುತ್ತದೆ. ಒಂದು ಬೇಲಿ ದಾಟಿ ಕಾರ್ಡ್ ಕಳೆದುಕೊಂಡವರು ಎರಡನೇ ಬೇಲಿ ದಾಟಿ ಇಎಸ್‌ಐಯನ್ನೂ ಕಳೆದುಕೊಳ್ಳುತ್ತಾರೆ. ಗೃಹಲಕ್ಷ್ಮಿಯ 2,000 ಮಾತ್ರ ಬೇರೆ ಲೆಕ್ಕ. ಅದಕ್ಕೆ ಎಪಿಎಲ್ ಆದರೂ ಆಗುತ್ತದೆ, ಯಜಮಾನಿಯೋ ಅವರ ಗಂಡನೋ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿರಬಾರದು ಅಷ್ಟೇ. ಇದನ್ನು ಕೇಳಿ ಅಕ್ಕನ ಮುಖ ಸ್ವಲ್ಪ ಸಡಿಲವಾಯಿತು.

ಹಾಗಾದರೆ ದಾರಿ ಏನು? ಕೂಲಿ ಏರಿಸಲೇಬೇಕು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಅದರ ಜೊತೆಗೆ 1.20 ಲಕ್ಷದ ಬೇಲಿಯನ್ನು ಕನಿಷ್ಠ ಕೂಲಿಗೆ ಕಟ್ಟಿಹಾಕಬೇಕು. ತುಟ್ಟಿಭತ್ಯೆ ಏರಿದ ಏಪ್ರಿಲ್‌ನಲ್ಲೇ ಬೇಲಿಯೂ ಮೇಲೆ ಹೋಗಲಿ. ಬೇಲಿ ದಾಟಿದವರಿಗೆ ಒಂದೇ ಸಲ 50 ಕೆಜಿ ನಿಲ್ಲಿಸುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬಹುದು. ಮನೆಯಲ್ಲಿ ದುಡಿಯಲಾಗದ ವಯಸ್ಸಾದವರ ಪಾಲನ್ನಂತೂ ಸೊಸೆಯ ಸಂಬಳ ನೋಡಿ ಕಿತ್ತುಕೊಳ್ಳಬಾರದು.

ಇದು ಆಗದ ಹೋಗದ ಮಾತೇನಲ್ಲ. ಇಎಸ್‌ಐಯಲ್ಲಿ ಇಂಥದ್ದು ಆಗಲೇ ಸ್ವಲ್ಪ ಇದೆ. ಅಲ್ಲಿ ವಂತಿಗೆಯ ಅವಧಿ ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಸಂಬಳ 21,000 ದಾಟಿದರೆ ಅವತ್ತೇ ಹೊರಗೆ ಹಾಕುವುದಿಲ್ಲ. ಅವಧಿ ಮುಗಿಯುವವರೆಗೆ ಕಂತು ಕಟ್ಟುತ್ತಾ ಒಳಗೇ ಇರಬಹುದು. ರೇಷನ್ ಕಾರ್ಡಿಗೆ ಇಷ್ಟು ಸಣ್ಣ ಕಾಲಾವಕಾಶವೂ ಇಲ್ಲ. "ಅಷ್ಟಾದರೂ ಕೊಟ್ಟರೆ ಮಕ್ಕಳ ಶಾಲೆ ಶುರುವಾಗೋ ತಿಂಗಳು ತಪ್ಪಿಸಿಕೊಳ್ಳಬಹುದಿತ್ತು ಅಲ್ವಾ ಅಣ್ಣಾ" ಎಂದರು ಅಕ್ಕ, ಎರಡೂ ಕಾಗದಗಳನ್ನು ಮಡಚಿ ಅದೇ ಕವರಿಗೆ ಹಾಕುತ್ತಾ.